ಟೈಲರ್ ಬದನೆ

ಆ ಮನೆಯವರ ಮಾತು ಕೇಳಿದ ಹೊಸಬರು ಮೊದಲ ಸಲ ಬೆಚ್ಚಿಬೀಳುತ್ತಿದ್ದರು. "ದೊಡ್ಡಮ್ಮನ್ನ ಎರಡು ಹೋಳು ಮಾಡಿ ಅರ್ಧ ಬೇಕರಿಯವರಿಗೆ ಕೊಡು" ಎಂದು ತಮ್ಮ ಹೇಳುತ್ತಿದ್ದ. "ಕಂಪೌಂಡರ್‌ಗೆ ಹುಳ ಬಿದ್ದಿದೆ ಕಣ್ರೀ, ಬೂದಿ ಹಾಕಿ" ಎಂದು ಅವನ ಹೆಂಡತಿ ಕೂಗುತ್ತಿದ್ದಳು. ಟೀಚರ್ ಬೇಲಿ ಹತ್ತಿ ಕೂತಿದ್ದಾರೆ, ಇಳಿಸಿ ಕಟ್ಟಬೇಕು ಎಂಬುದು ಮಳೆಗಾಲದಲ್ಲಿ ದಿನಕ್ಕೊಮ್ಮೆಯಾದರೂ ಆಡುವ ಮಾತು. ಹೊಸಬರು ಮುಖ ಮುಖ ನೋಡಿಕೊಳ್ಳುವಾಗ ಯಾರಾದರೂ ನಕ್ಕು ಬಿಡಿಸಿ ಹೇಳುತ್ತಿದ್ದರು: ದೊಡ್ಡಮ್ಮ ಎಂದರೆ ಕುಂಬಳಕಾಯಿ, ಕಂಪೌಂಡರ್ ಎಂದರೆ ಮೆಣಸಿನ ಗಿಡ, ಟೀಚರ್ ಎಂದರೆ ಹುರುಳಿಕಾಯಿಯ ಬಳ್ಳಿ.

ಇದು ಸತ್ತುಹೋದ ಅಪ್ಪ ಮಾಡಿಟ್ಟ ಪದ್ಧತಿ. ಯಾರು ಬೀಜ ಕೊಟ್ಟರೋ ಅವರ ಹೆಸರಿನಿಂದಲೇ ಆ ತರಕಾರಿಯನ್ನು ಕರೆಯಬೇಕು. "ಬೀಜ ಕೊಟ್ಟವರ ಋಣ ತೀರಿಸೋಕಂತೂ ಆಗಲ್ಲ, ಕರೆದುಕೊಂಡಾದ್ರೂ ಇರೋಣ" ಎನ್ನುತ್ತಿದ್ದ. ಮೊದಮೊದಲು ದೊಡ್ಡಮ್ಮನ ಕುಂಬಳ, ಟೀಚರ್ ಹುರುಳಿ ಎಂದು ಪೂರ್ತಿಯಾಗಿಯೇ ಹೇಳುತ್ತಿದ್ದರಂತೆ. ಆದರೆ ಕೆಲಸ ಮಾಡುವವರ ಬಾಯಿ ಸೋಮಾರಿ. ಬರಬರುತ್ತಾ ಕುಂಬಳವೂ ಹುರುಳಿಯೂ ಉದುರಿಹೋಗಿ ಮನುಷ್ಯರು ಮಾತ್ರ ಉಳಿದರು. ಅಮ್ಮನ ಅಕ್ಕನಾದ ಆ ದೊಡ್ಡಮ್ಮ ಬದುಕಿದ್ದಾಗ ಒಮ್ಮೆ ಮನೆಗೆ ಬಂದವಳು ಇದನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಕತ್ತರಿಸುವಾಗ ಸ್ವಲ್ಪ ನೋಡ್ಕೊಂಡು ಕತ್ತರಿಸ್ರೋ, ನನಗೂ ವಯಸ್ಸಾಯ್ತು" ಎಂದಿದ್ದಳು.

ತೋಟ ದೊಡ್ಡದೇನಲ್ಲ. ಹಿಟ್ಟಿನ ಗಿರಣಿ ದಾಟಿ, ಬೀದಿಯ ಡಾಂಬರು ಮುಗಿದು ಮಣ್ಣು ಶುರುವಾಗುವ ಕಡೆ, ತಂತಿ ಬೇಲಿಯೊಳಗೆ ಇತ್ತು. ಒಲೆಯ ಮೇಲೆ ಅನ್ನಕ್ಕೆ ಎಸರಿಟ್ಟು ಹೊರಟರೆ ಅದು ಕುದಿಯುವುದರೊಳಗೆ ಒಂದು ಸುತ್ತು ಹಾಕಿ ಬರಬಹುದು. ಅಪ್ಪ ಹರೆಯದಲ್ಲಿ ಒಮ್ಮೆ ಎಲೆಕೋಸಿಗೆ ಔಷಧಿ ಹೊಡೆಯಲು ಹೋಗಿ, ವಾಂತಿಯಾಗಿ, ಎರಡು ದಿನ ಮೇಲೇಳಲಿಲ್ಲ. ಎದ್ದವನು ಪಂಪನ್ನು ಗುಜರಿಗೆ ಹಾಕಿದ. ನನ್ನ ಮೂಗಿಗೇ ಆಗದ್ದು ಇನ್ನೊಬ್ಬರ ಹೊಟ್ಟೆಗೆ ಹೇಗಾಗುತ್ತದೆ ಎಂಬುದಷ್ಟೇ ಅವನ ವಾದ. ಇಂದು ಅದಕ್ಕೆ ಸಹಜ ಕೃಷಿ ಅಂತ ದೊಡ್ಡ ಹೆಸರಿದೆ, ತರಬೇತಿಗಳಿವೆ. ತಮ್ಮನ ಹೆಂಡತಿ ಅಂಥದ್ದೊಂದಕ್ಕೆ ಹೋಗಿ ಬಂದು, ಕೊಳೆತ ಎಲೆಯ ಬಗ್ಗೆ ಒಂದು ವಾರ ಭಾಷಣ ಮಾಡಿದಾಗ ತಮ್ಮ, "ಸಾಕು ಮಾರಾಯ್ತಿ, ಪುಸ್ತಕದ ಬದನೆಕಾಯಿ ಬೇಯೋದಿಲ್ಲ" ಎಂದಿದ್ದ. ವಾರದಲ್ಲಿ ಎರಡು ಬೆಳಿಗ್ಗೆ ಸುತ್ತಲಿನ ಬೀದಿಗಳ ಮನೆಯವರು ಚೀಲ ಹಿಡಿದು ತೋಟದ ಶೆಡ್ಡಿಗೆ ಬರುತ್ತಿದ್ದರು. ಅಂದು ಏನು ಬೆಳೆದಿದೆಯೋ ಅದನ್ನು ಎಲ್ಲರೂ ಹಂಚಿಕೊಂಡು ಒಯ್ಯುತ್ತಿದ್ದರು. ಅಪ್ಪನ ಕಾಲದಿಂದಲೂ ಹಾಗೇ.

ತಮ್ಮ ನೀರು, ಗೊಬ್ಬರ, ಬೇಲಿ ನೋಡಿಕೊಳ್ಳುತ್ತಿದ್ದ. ಅವನ ಹೆಂಡತಿ ಶೆಡ್ಡಿನಲ್ಲಿ ನಿಂತು ಜನರನ್ನು ನೋಡಿಕೊಳ್ಳುತ್ತಿದ್ದಳು. ಅದಕ್ಕೆ ಬೇಕಾದ ಗಂಟಲೂ ತಾಳ್ಮೆಯೂ ಅವಳಿಗಿದ್ದವು. ಬಿತ್ತುವುದು, ಕಳೆ ಕೀಳುವುದು, ಕೊಯ್ಯುವುದು, ಬೀಜ ಮಾಡಿಡುವುದು ಇಷ್ಟೂ ಅಕ್ಕನ ಪಾಲು. ಅವಳನ್ನು ಎಲ್ಲರೂ ತೋಟದಕ್ಕ ಎನ್ನುತ್ತಿದ್ದರು. ತಮ್ಮನಿಗೆ ಅಕ್ಕ, ಅವನ ಹೆಂಡತಿಗೂ ಅಕ್ಕ, ಚೀಲ ತರುವ ಮುದುಕರಿಗೂ ಅಕ್ಕ. ಊರಿಗೆಲ್ಲ ಅಕ್ಕನಾದ ಮೇಲೆ ಅದು ಸಂಬಂಧವಾಗಿ ಉಳಿಯಲಿಲ್ಲ, ಹುದ್ದೆಯಾಯಿತು. ಮನೆಯ ಹಿಂಬದಿಯಲ್ಲಿ, ಬೀಜದ ಕೋಣೆಗೆ ಅಂಟಿಕೊಂಡಂತೆ ಅವಳದೊಂದು ಕೋಣೆ. ಒಂದು ಮಂಚ, ಒಂದು ಗೂಟ, ಗೂಟದಲ್ಲಿ ಎರಡು ಸೀರೆ, ಕಿಟಕಿಯ ಮೇಲೆ ಕೈಗೆ ಹಚ್ಚುವ ಎಣ್ಣೆ. ಬೀಜಕ್ಕೆ ತೇವ ತಾಗಬಾರದೆಂದು ಆ ಬದಿಯ ಗೋಡೆಗೆ ಮನೆಯ ಎಲ್ಲ ಗೋಡೆಗಿಂತ ಒಳ್ಳೆಯ ಗಾರೆ ಮಾಡಿಸಿದ್ದರು. ಅಕ್ಕನ ಕೋಣೆಯೂ ಅದರ ಪುಣ್ಯದಿಂದ ಬೆಚ್ಚಗಿತ್ತು.

ಯಾರೂ ಅವಳನ್ನು ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ತಟ್ಟೆಗೆ ಮೊದಲು ಅವಳಿಗೇ ಬಡಿಸುತ್ತಿದ್ದರು. ಜ್ವರ ಬಂದರೆ ತಮ್ಮ ತಾನೇ ಹೋಗಿ ಮಾತ್ರೆ ತರುತ್ತಿದ್ದ. ಆದರೆ ಬಂದವರೆಲ್ಲ "ಅಕ್ಕಾ, ಸೌತೆ ಬಂತಾ?" ಎಂದು ಕೇಳುತ್ತಿದ್ದರೇ ಹೊರತು ಅವಳ ಸುದ್ದಿ ಯಾರೂ ಕೇಳುತ್ತಿರಲಿಲ್ಲ. ಸೌತೆಯ ಬಗ್ಗೆ ಹೇಳಿದರೆ ಅಕ್ಕನ ಬಗ್ಗೆಯೂ ಹೇಳಿದಂತಾಯಿತು ಎಂದು ಅವರು ತಿಳಿದಿದ್ದರು. ಅವಳೂ ತಿದ್ದಲು ಹೋಗಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಲೆಕ್ಕದಲ್ಲಿ ಅವಳಷ್ಟು ಶ್ರೀಮಂತೆ ಆ ಬೀದಿಗಳಲ್ಲಿ ಇನ್ನೊಬ್ಬಳಿರಲಿಲ್ಲ. ಆ ಬಂಗಾರ ಕೊಟ್ಟು ಯಾರಾದರೂ ಏನನ್ನಾದರೂ ಪಡೆದದ್ದನ್ನು ಮಾತ್ರ ನಾವು ಕಂಡಿಲ್ಲ.

ಅವಳು ಹರೆಯದಲ್ಲಿದ್ದಾಗ ಗಿರಣಿಯ ಜಗಲಿಯ ಮೇಲೆ ಒಬ್ಬ ಟೈಲರ್ ಬಂದು ಮಷಿನ್ ಇಟ್ಟುಕೊಂಡ. ಬೇರೆ ಊರಿನವನು, ಒಂಟಿ. ಅಮ್ಮನ ರವಿಕೆ ಸಡಿಲ ಮಾಡಿಸಲು ಅವಳು ಹೋದಾಗ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ "ಏನ್ರೀ, ತೋಟದೋರಾ?" ಎಂದು ಕೇಳಿದ. ಮರುವಾರದಿಂದ ಅವನೂ ಚೀಲ ಹಿಡಿದು ತೋಟಕ್ಕೆ ಬರತೊಡಗಿದ. ಒಂಟಿ ಗಂಡಸು, ಮಾಡುವುದು ಒಂದು ಹೊತ್ತಿನ ಅಡುಗೆ, ಒಯ್ಯುವುದು ಮಾತ್ರ ತುಂಬಿದ ಸಂಸಾರಕ್ಕಾಗುವಷ್ಟು ಸೊಪ್ಪು. ಗಿರಣಿಯವನು ಹಿಟ್ಟು ಮೆತ್ತಿದ ಹುಬ್ಬು ಕುಣಿಸಿ, "ಟೈಲರೇ, ಹೀಗೇ ತಿಂದ್ರೆ ನಿಮ್ಮನ್ನ ದನ ಮೇಯುತ್ತೆ" ಎನ್ನುತ್ತಿದ್ದ. ಟೈಲರ್ ಎಲ್ಲರ ಜೊತೆ ವಟವಟ ಮಾತಾಡುತ್ತಿದ್ದವನು ಅವಳ ಎದುರು ನಿಂತಾಗ ಮಾತ್ರ ಹವಾಮಾನದ ವಿಷಯ ಬಿಟ್ಟು ಆಚೆ ಹೋಗುತ್ತಿರಲಿಲ್ಲ. ಇಬ್ಬರೂ ಸೇರಿ ಆ ವರ್ಷ ಮೋಡಗಳ ಬಗ್ಗೆ ಆಡಿದಷ್ಟು ಮಾತನ್ನು ಯಾವ ರೇಡಿಯೋವೂ ಆಡಿರಲಿಕ್ಕಿಲ್ಲ.

ಒಂದು ಸಲ ಅವನು ತನ್ನೂರಿಗೆ ಹೋಗಿ ಬಂದ. ಬಂದವನು ಹಸಿರು ಬಟ್ಟೆಯ ಚೂರಿನಲ್ಲಿ ಕಟ್ಟಿದ ಪುಟ್ಟ ಗಂಟನ್ನು ಅವಳ ಕೈಗಿಟ್ಟ. ಅವನ ಅಮ್ಮನ ಹಿತ್ತಲಿನ ಬದನೆಯ ಬೀಜ. "ಮುಳ್ಳು ಜಾಸ್ತಿ. ರುಚಿ ಅದಕ್ಕಿಂತ ಜಾಸ್ತಿ" ಎಂದ. ಆಮೇಲೆ ಗಂಟನ್ನು ನೋಡದೆ ಅವಳ ಮುಖ ನೋಡಿ, "ಹುಟ್ಟೋ ಹಾಗಿದ್ರೆ ಹೇಳ್ರೀ. ನಾನು ಕಾಯ್ತಿರ್ತೀನಿ" ಎಂದ.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಬೀಜದ ಮಾತೂ ಆಯಿತು, ಬೇರೆ ಮಾತೂ ಆಯಿತು. ಅವಳು ಬೇರೆ ಮಾತು ಎಂದೇ ತಿಳಿದಳು. ಅಂದು ಸಂಜೆ ಕಳೆ ಕೀಳುವಾಗ ಕಳೆಯ ಜೊತೆ ಮೂಲಂಗಿಯನ್ನೂ ಕಿತ್ತು ಅಪ್ಪನಿಂದ ಬೈಸಿಕೊಂಡಳು. ಬಾಯಿಬಿಟ್ಟು ಹೂಂ ಎನ್ನುವುದು ಅವಳ ಕೈಯಲ್ಲಾಗದ ಕೆಲಸ. ಆದ್ದರಿಂದ ಹೀಗೆ ಯೋಚಿಸಿದಳು: ಗಿಡ ಕಾಯಿ ಬಿಡಲಿ, ಅವನ ಚೀಲದ ತುಂಬ ಅವನ ಅಮ್ಮನ ಬದನೆಯನ್ನೇ ತುಂಬಿ ಕೊಡುತ್ತೇನೆ, ಅದೇ ಉತ್ತರ.

ಬೀಜ ಹುಟ್ಟಿತು. ಮೊಳಕೆ ಬಂದ ಮಾತ್ರಕ್ಕೆ ಬೆಳೆ ಬಂತು ಎನ್ನಬಾರದೆಂದು ಸುಮ್ಮನಿದ್ದಳು. ಹೂವಾಯಿತು, ಕಾಯಿ ಕಚ್ಚಿತು. ಆಗ ಮನೆಯ ಇನ್ನೊಂದು ಪದ್ಧತಿ ಎದುರು ನಿಂತಿತು. ಹೊಸ ಬೀಜ ಬಂದರೆ ಮೊದಲ ಬೆಳೆಯ ಒಂದು ಕಾಯಿಯನ್ನೂ ತಿನ್ನುವಂತಿಲ್ಲ, ಕೊಡುವಂತಿಲ್ಲ. ರಾಜನೇ ಬಂದು ಕೇಳಿದರೂ ಇಲ್ಲ. ಎಲ್ಲ ಕಾಯಿ ಗಿಡದಲ್ಲೇ ಬಲಿತು ಹಳದಿಯಾಗಬೇಕು, ಎಲ್ಲವೂ ಬೀಜವಾಗಬೇಕು. ಕೊಟ್ಟವರ ಬೀಜ ನಮ್ಮಲ್ಲಿ ನೆಲೆ ನಿಲ್ಲುವ ಮೊದಲೇ ತಿಂದು ತೀರಿಸಿದರೆ ಅವರನ್ನೇ ತಿಂದಂತೆ ಎಂದು ಅಪ್ಪ ಹೇಳುತ್ತಿದ್ದ. ಆ ನಿಯಮ ಮುರಿಯಬಹುದು ಎಂಬ ಯೋಚನೆ ಅವಳಿಗೆ ಕನಸಿನಲ್ಲೂ ಬರಲಿಲ್ಲ. ಮುಂದಿನ ಬೆಳೆಗೆ ಕೊಟ್ಟರಾಯಿತು ಎಂದುಕೊಂಡಳು. ಮಣ್ಣಿನ ಜೊತೆ ಇರುವವರಿಗೆ ಒಂದು ಬೆಳೆ ಕಾಯುವುದು ಏನು ಮಹಾ!

ಟೈಲರ್ ವಾರವಾರವೂ ಬಂದ. ಚೀಲ ಬಿಚ್ಚಿ ನೋಡಿದ, ಅವಳ ಮುಖ ನೋಡಿದ. ಒಂದು ದಿನ ತಡೆಯಲಾರದೆ, "ಆ ಬೀಜ... ಏನಾಯ್ತು?" ಎಂದು ಕೇಳಿಯೇ ಬಿಟ್ಟ. ಅಪ್ಪ ಅಲ್ಲೇ ಪಕ್ಕದಲ್ಲಿ ಹಗ್ಗ ಹೊಸೆಯುತ್ತಿದ್ದ. ಅವಳು ತಲೆ ತಗ್ಗಿಸಿ, "ನೋಡೋಣ" ಎಂದಳು.

ಹಾಳಾಗಿ ಹೋಗಲಿ ಆ ಮಾತು! ತೋಟದವರ ಬಾಯಲ್ಲಿ ನೋಡೋಣ ಎಂದರೆ ಕಾಯಿ ಕಚ್ಚಿದೆ, ಬಲಿಯುತ್ತಿದೆ, ಇನ್ನಷ್ಟು ದಿನ ಕಾಯಬೇಕು, ಒಟ್ಟಿನಲ್ಲಿ ಹೂಂ ಎಂದರ್ಥ. ಊರವರ ಬಾಯಲ್ಲಿ, ಅದರಲ್ಲೂ ಹೆಣ್ಣು ಗಂಡಿನ ವಿಷಯದಲ್ಲಿ, ನೋಡೋಣ ಎಂದರೆ ಆಗುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದೇ ಅರ್ಥ. ಟೈಲರ್ ಊರವನು. ಚೀಲ ಹೆಗಲಿಗೇರಿಸಿಕೊಂಡು ಹೋದ. ಮುಂದಿನ ಬೆಳೆಯ ಬದನೆ ಕೈಗೆ ಬರುವ ಹೊತ್ತಿಗೆ ಅವನು ತನ್ನೂರಿಗೆ ಹೋಗಿ ಮದುವೆಯಾಗಿ ಬಂದಿದ್ದ. ಚೀಲ ಹಿಡಿದು ಬಂದವಳು ಅವನ ಹೆಂಡತಿ. ತೋಟದವಳು ಆ ಚೀಲದ ತುಂಬ ಬದನೆ ತುಂಬಿ ಕೊಟ್ಟಳು. ಆಮೇಲೆ ಒಂದು ದಿನ ಗಿರಣಿಯ ಮುಂದೆ ಎದುರಾದ ಟೈಲರ್, ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, "ಚೆನ್ನಾಗಿದೀರಾ ಅಕ್ಕ?" ಎಂದ. ಅಲ್ಲಿಯವರೆಗೆ ಅವನು ಅವಳನ್ನು ಅಕ್ಕ ಎಂದಿರಲಿಲ್ಲ.

ಆಮೇಲೂ ಅವಳಿಗೆ ಸಂಬಂಧಗಳು ಬಂದವು. ಅಪ್ಪ ಕೇಳಿದಾಗಲೆಲ್ಲ ಅವಳು "ನೋಡೋಣ" ಎಂದಳು, ಈ ಸಲ ಊರವರ ಅರ್ಥದಲ್ಲಿ. ಬಂದವರು ಬರುವುದನ್ನು ನಿಲ್ಲಿಸಿದರು. ಅಪ್ಪ ಹೋದ, ಅಮ್ಮ ಹೋದಳು, ತಮ್ಮನ ಮದುವೆಯಾಯಿತು.

ಆದರೆ ಮನೆಯ ಪದ್ಧತಿಯ ಪ್ರಕಾರ ಬದನೆಗೆ ಬೀಜ ಕೊಟ್ಟವನ ಹೆಸರು ಬಿದ್ದಿತ್ತು. ಇಷ್ಟು ವರ್ಷವೂ ಅವಳು ಊಟಕ್ಕೆ ಕೂತು, ಎಲ್ಲರ ಮುಂದೆ, ತಲೆಯೆತ್ತಿ, "ಇವತ್ತು ಟೈಲರ್ ಹತ್ರಾನೇ ಹೊತ್ತು ಹೋಯ್ತು" ಎಂದು ಹೇಳಬಹುದಿತ್ತು. "ಟೈಲರ್ ಯಾಕೋ ಬಾಡಿದ ಹಾಗಿದೆ" ಎನ್ನಬಹುದಿತ್ತು. ಯಾರೂ ಹುಬ್ಬೇರಿಸುತ್ತಿರಲಿಲ್ಲ. ಗಿಡದ ಜೊತೆ ಮಾತಾಡುವಷ್ಟು ಹುಚ್ಚು ಅವಳಿಗೆ ಹಿಡಿದಿರಲಿಲ್ಲ. ಆ ಹೆಸರನ್ನು ದಿನಕ್ಕೊಂದು ಸಲ ಬಾಯಲ್ಲಿ ಆಡಲು ಸಿಕ್ಕಿತಲ್ಲ, ಅಷ್ಟೇ ಅವಳ ಸುಖ. ಹೇಳಿಕೊಂಡರೆ ನಗೆಪಾಟಲು, ಆದರೆ ಅದು ಬಿಟ್ಟರೆ ಅವಳಿಗೆ ತನ್ನದು ಎನ್ನುವಂಥದ್ದು ಬೇರೇನೂ ಇರಲಿಲ್ಲ.

ಅಂಥದ್ದರಲ್ಲಿ ಒಂದು ಸಂಜೆ ಊಟಕ್ಕೆ ಕೂತಾಗ ತಮ್ಮ, "ಅಕ್ಕ, ಈ ಸಲ ಟೈಲರ್‌ನ ತೆಗೆದುಬಿಡೋಣ ಅಂತಿದೀನಿ" ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಕ್ಕನಿಗೆ ಮೊದಲು ಬಂದ ಯೋಚನೆ, ಇವರಿಗೆ ಹೇಗೆ ಗೊತ್ತಾಯಿತು ಎಂಬುದು. ಆದರೆ ತಮ್ಮ ಸಾರಿಗೆ ಉಪ್ಪು ಹಾಕಿಕೊಳ್ಳುತ್ತಿದ್ದ.

"ಕಾಯಿ ಕಡಿಮೆ, ಅದರ ಮೇಲೆ ಮುಳ್ಳು ಬೇರೆ" ಎಂದಳು ಅವನ ಹೆಂಡತಿ. "ಹೋದ ವಾರ ಬೇಕರಿಯವರ ಸೊಸೆ ಬೆರಳು ಚುಚ್ಚಿಸ್ಕೊಂಡು ನನಗೆ ತೋರಿಸೋಕೇ ಬಂದಿದ್ಲು. ಎಲ್ಲಾರೂ ದಪ್ಪ ಮೆಣಸಿನಕಾಯಿ ಕೇಳ್ತಾರಕ್ಕ. ಬಿಸಿಲು ಚೆನ್ನಾಗಿ ಬೀಳೋ ಜಾಗ ಅದೊಂದೇ."

ಎಲ್ಲ ಸರಿಯಾದ ಮಾತೇ. ಸಮಸ್ಯೆ ಬೇರೆ ಇತ್ತು. ಕಳೆದ ಮಳೆಗಾಲದಲ್ಲಿ ಬದನೆ ಬೀಜದ ಡಬ್ಬಿಗೆ ತೇವ ಹಿಡಿದು, ಒಳ್ಳೆಯ ಗಾರೆಯೂ ಕೈಕೊಟ್ಟು, ಬೂಷ್ಟು ಬಂದಿತ್ತು. ಉಳಿದ ಹಿಡಿಯಷ್ಟನ್ನು ಅವಳು ಬಿತ್ತಿದ್ದಳು. ಈಗ ಭೂಮಿಯ ಮೇಲೆ ಟೈಲರ್ ಎಂದರೆ ಆ ಒಂದು ಸಾಲು, ಅಷ್ಟೇ. ಬೀಜಕ್ಕೆ ಬಿಟ್ಟ ಕಾಯಿಗಳು ಇನ್ನೂ ಹಳದಿಯಾಗಿರಲಿಲ್ಲ. ಈಗ ಕಿತ್ತರೆ ಮತ್ತೆ ಹುಟ್ಟುವುದಿಲ್ಲ. ಅದನ್ನು ಹೇಳಿದರೆ, ಹೋದರೆ ಹೋಗಲಿ ಬಿಡು ಅಕ್ಕ ಎನ್ನುತ್ತಾರೆ. ಯಾಕೆ ಬೇಕು ಎಂದು ಕೇಳಿದರೆ ಏನು ಹೇಳುವುದು? ಈ ವಯಸ್ಸಿನಲ್ಲಿ, ತಮ್ಮನ ಹೆಂಡತಿಯ ಮುಂದೆ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ನುಂಗಲೂ ಆಗದು, ಉಗುಳಲೂ ಆಗದು.

"ಏನಂತೀಯ?" ಎಂದ ತಮ್ಮ.

"ನೋಡೋಣ" ಎಂದಳು ಅಕ್ಕ.

ಬೇಡ ಎಂದೇ ಹೇಳಿದ್ದಳು ಅವಳು. ಆದರೆ ತಮ್ಮ ಹುಟ್ಟಾ ತೋಟದವನು, ಅವನಿಗೆ ಅದು ಹೂಂ ಎಂದೇ ಕೇಳಿಸಿತು. "ಸರಿ ಹಾಗಿದ್ರೆ. ನಾಳೆ ಚೀಲ ಕೊಟ್ಟು ಆಗಲಿ, ಕಿತ್ತುಬಿಡ್ತೀನಿ" ಎಂದು ತಟ್ಟೆ ಎತ್ತಿಕೊಂಡು ಎದ್ದ.

ಮರುದಿನ ಬೆಳಿಗ್ಗೆ ಅಕ್ಕ ಎಲ್ಲರಿಗಿಂತ ಮೊದಲು ತೋಟಕ್ಕಿಳಿದಳು. ಸೊಪ್ಪು ಕೊಯ್ದು ನೀರು ಚಿಮುಕಿಸಿ ಶೆಡ್ಡಿಗೆ ಹೊತ್ತು ಹಾಕಿದಳು. ಕಂಪೌಂಡರ್ ಬಿಡಿಸಿದಳು, ಟೀಚರ್ ಬಿಡಿಸಿದಳು. ಕೊನೆಗೆ ಬದನೆಯ ಸಾಲಿಗೆ ಬಂದು ಚೀಲಕ್ಕೆ ಹೋಗುವ ಎಳೆಯ ಕಾಯಿಗಳನ್ನು ಒಂದೊಂದಾಗಿ ತೊಟ್ಟು ಮುರಿಯತೊಡಗಿದಳು. ಮುಳ್ಳು ಅವಳ ಬೆರಳಿಗೆ ತಾಗುತ್ತಿರಲಿಲ್ಲ. ಎಲ್ಲಿ ಹಿಡಿಯಬೇಕೆಂದು ಕೈಗೇ ಗೊತ್ತಿತ್ತು. ದಾರ ಕಟ್ಟಿ ಬೀಜಕ್ಕೆ ಬಿಟ್ಟಿದ್ದ ಕಾಯಿಗಳನ್ನು ಮುಟ್ಟಿ ನೋಡಿದಳು. ಇನ್ನೂ ಗಟ್ಟಿ. ಅವಳಿಗೆ ಯಾರ ಮೇಲೋ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಶೆಡ್ಡಿನಲ್ಲಿ ಜನ ಸೇರಿದ್ದರು. ತಮ್ಮನ ಹೆಂಡತಿಯ ಗಂಟಲು ಬೇಲಿ ದಾಟಿ ಹೋಗುತ್ತಿತ್ತು. "ಟೈಲರ್ ಇವತ್ತೇ ಕೊನೆ! ಬೇಕಾದೋರು ತಗೊಂಡುಬಿಡಿ, ಮಧ್ಯಾಹ್ನ ಬೇರು ಸಮೇತ ಕಿತ್ತು ಗೊಬ್ಬರದ ಗುಂಡಿಗೆ ಹಾಕ್ತಾರೆ!"

"ಅಯ್ಯಯ್ಯೋ ತಾಯಿ, ನಾನೇನು ತಪ್ಪು ಮಾಡಿದೆ?" ಎಂದಿತು ಒಂದು ಗಂಡು ದನಿ.

ಇಡೀ ಶೆಡ್ಡು ಹೋ ಎಂದು ನಕ್ಕಿತು. ಚೀಲ ಹಿಡಿದು ನಿಂತಿದ್ದವನು ಟೈಲರ್, ಸಾಕ್ಷಾತ್ ಮನುಷ್ಯ ಟೈಲರ್. ಯಾವಾಗಲೂ ಅವನ ಹೆಂಡತಿಯೇ ಬರುತ್ತಿದ್ದಳು. ಅವಳಿಗೆ ಮೊಣಕಾಲು ನೋವು ಹಿಡಿದಿದ್ದರಿಂದ ಅಂದು ಅವನು ಬಂದಿದ್ದ. ತಮ್ಮನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು, ಮನೆಯ ಪದ್ಧತಿಯನ್ನೂ ಬದನೆಯ ವಿಷಯವನ್ನೂ ಬಿಡಿಸಿ ಹೇಳಿದಳು. "ನೀವು ಕೊಟ್ಟ ಬೀಜಾನೇ ಇರಬೇಕಲ್ವಾ? ಅಕ್ಕನಿಗೆ ಗೊತ್ತಿರುತ್ತೆ, ಅಲ್ಲೇ ಸಾಲಲ್ಲಿದಾರೆ, ಕೇಳಿ" ಎಂದಳು.

ಅವನು ಮಡಿಗಳ ನಡುವೆ ಚಪ್ಪಲಿ ಕೆಸರಾಗದಂತೆ ಹೆಜ್ಜೆ ಇಡುತ್ತಾ ಬರುವುದನ್ನು ಅಕ್ಕ ನೋಡಿದಳು. ತಲೆ ಬೋಳಾಗಿತ್ತು. ಕನ್ನಡಕ ದಾರದಲ್ಲಿ ಎದೆಯ ಮೇಲೆ ನೇತಾಡುತ್ತಿತ್ತು. ಅಂಗಿಯ ಜೇಬಿನ ಅಂಚಿನಲ್ಲಿ ಇನ್ನೂ ಎರಡು ಗುಂಡುಪಿನ್ನು ಸಿಕ್ಕಿಸಿಕೊಂಡಿದ್ದ. ಅವಳ ಎದೆ ಹೊಡೆದುಕೊಂಡ ರೀತಿಗೆ ಅವಳಿಗೇ ನಾಚಿಕೆಯಾಯಿತು. ಇವನು ಕೇಳಿದರೆ ಈ ಸಲ ಹೇಳಿಬಿಡುತ್ತೇನೆ ಎಂದುಕೊಂಡಳು. ಹುಟ್ಟಿತ್ತು, ಮೊದಲ ಬೆಳೆ ಯಾರಿಗೂ ಕೊಡುವಂತಿರಲಿಲ್ಲ, ಅದಕ್ಕೇ ನಿಮಗೆ ಕೊಡಲಿಲ್ಲ. ಇಷ್ಟು ಹೇಳಿದರೆ ಸಾಕು. ಅದರಿಂದ ಈಗ ಏನೂ ಆಗಬೇಕಾಗಿಲ್ಲ. ಗೊತ್ತಾದರೆ ಸಾಕು ಅವನಿಗೆ.

"ಏನಕ್ಕ ಇದು!" ಎಂದ ಟೈಲರ್ ನಗುತ್ತಾ. "ಇಷ್ಟು ವರ್ಷದಿಂದ ನನ್ನ ನಾನೇ ಪಲ್ಯ ಮಾಡ್ಕೊಂಡು ತಿಂತಾ ಇದೀನಂತೆ?"

ಅಕ್ಕನೂ ನಕ್ಕಳು. ಅವನು ಬಗ್ಗಿ, ಕನ್ನಡಕ ಏರಿಸಿಕೊಂಡು, ಒಂದು ಕಾಯಿಯನ್ನು ಬಟ್ಟೆ ನೋಡುವಂತೆ ಎರಡು ಬೆರಳಲ್ಲಿ ಹಿಡಿದು ನೋಡಿದ. ಮುಳ್ಳು ಚುಚ್ಚಿತು, ಕೈ ಕೊಡವಿದ.

"ನಿಜವಾಗ್ಲೂ ನಾನು ಕೊಟ್ಟಿದ್ದಾ? ಯಾವಾಗ?"

ಅಕ್ಕ ಅವನ ಮುಖ ನೋಡಿದಳು. ತಮಾಷೆ ಮಾಡುತ್ತಿರಬಹುದು ಎಂದುಕೊಂಡಳು. ಇಲ್ಲ, ಅವನು ನಿಜಕ್ಕೂ ಕೇಳುತ್ತಿದ್ದ.

"ನೆನಪಿಲ್ವಾ?" ಎಂದಳು.

"ಇಲ್ವಲ್ಲಕ್ಕ. ನಾನು ಬೀಜ ಗೀಜ ತಂದುಕೊಟ್ಟಿದ್ದು... ಊಹೂಂ. ಅಮ್ಮನ ಹಿತ್ತಲಲ್ಲಿ ಏನೇನೋ ಇತ್ತು, ಬದನೆ ಇತ್ತೋ ಏನೋ. ಆಗೆಲ್ಲ ಯಾರ್ಯಾರಿಗೋ ಏನೇನೋ ತಂದುಕೊಡ್ತಿದ್ದೆ ಬಿಡಿ. ಹೊಸ ಊರು, ನಾಲ್ಕು ಜನ ಗಿರಾಕಿ ಆಗ್ಲಿ ಅಂತ." ಅವನ ಮುಖದಲ್ಲಿ ಮುಚ್ಚುಮರೆ ಇರಲಿಲ್ಲ. ಒಳ್ಳೆಯ ಮನುಷ್ಯ, ಖುಷಿಯಾಗಿದ್ದ. "ಇರಲಿ, ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು. ಮನೇಲಿ ಹೇಳ್ತೀನಿ, ನೋಡೇ, ನನ್ನ ಹೆಸರಲ್ಲೂ ಒಂದು ಬೆಳೆ ಇದೆ ಅಂತ."

ಅಕ್ಕನ ಕೈಯಲ್ಲಿ ಆಗ ತಾನೇ ಮುರಿದ ಕಾಯಿ ಇತ್ತು. ಅದನ್ನು ಬುಟ್ಟಿಗೆ ಹಾಕಿದಳು.

"ನೀವಲ್ಲ" ಎಂದಳು. "ಅದು ಬೇರೆ ಟೈಲರ್."

"ಬೇರೆಯೋರಾ? ಇಲ್ಲಿ ನನ್ನ ಬಿಟ್ರೆ ಇನ್ಯಾರಿದ್ರು?"

"ಇದ್ರು. ನಿಮಗಿಂತ ಮುಂಚೆ."

"ಅದನ್ನೇ ನಾನೂ ಹೇಳಿದ್ದು. ಕೊಟ್ಟಿದ್ರೆ ಮರೀತಿದ್ನಾ?" ಎಂದ ಅವನು. ಸ್ವಲ್ಪ ಪೆಚ್ಚಾದಂತೆಯೂ ಕಂಡ. ಹೆಂಡತಿಯ ಮೊಣಕಾಲಿನ ವಿಷಯ ಹೇಳಿದ, ಮೋಡ ಕವಿದಿದೆ ಎಂದ, ಬರ್ತೀನಕ್ಕ ಎಂದು ಬಂದ ದಾರಿಯಲ್ಲೇ ಚಪ್ಪಲಿ ಜೋಪಾನ ಮಾಡಿಕೊಂಡು ಹೋದ. ಅವಳು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಬೀಜ ಕೊಟ್ಟು ಮುಖ ನೋಡಿದ ಆ ಹುಡುಗನಿಗೂ ಈ ಯಜಮಾನನಿಗೂ ಈಗ ಯಾವ ಸಂಬಂಧವೂ ಉಳಿದಿರಲಿಲ್ಲ. ಅಂದು ಅವನು ಬೇರೆ ಮಾತನ್ನೇ ಆಡಿದ್ದನೋ, ಬರೀ ಬದನೆಯ ಮಾತನ್ನೇ ಆಡಿದ್ದನೋ, ಅದನ್ನು ಹೇಳಬಲ್ಲವನು ಒಬ್ಬನೇ ಇದ್ದ, ಅವನು ಮರೆತುಬಿಟ್ಟಿದ್ದ. ಇಷ್ಟು ವರ್ಷ ಅವಳು ಒಬ್ಬಳೇ ಇದ್ದಳು ಎನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಆ ನೆನಪಿನೊಳಗೂ ಅವಳು ಒಬ್ಬಳೇ ಇದ್ದಳು ಎನ್ನುವುದು ಅವಳಿಗೆ ಈಗ ಗೊತ್ತಾಯಿತು.

ಚೀಲಗಳೆಲ್ಲ ಹೋದವು. ತಮ್ಮ ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಬಂದ. ಅಕ್ಕ ಇನ್ನೂ ಸಾಲಿನ ತುದಿಯಲ್ಲೇ ನಿಂತಿದ್ದಳು.

"ಆ ಕಡೆಯಿಂದ ಶುರು ಮಾಡ್ಲಾ?" ಎಂದು ಕೇಳಿದ.

ಕೀಳಲಿ, ಎಂದುಕೊಂಡಳು ಅವಳು. ಇನ್ನು ಯಾಕೆ? ಯಾರ ಹೆಸರಿನಲ್ಲಿ? ತಮ್ಮ ಅಂಗೈಗೆ ಉಗುಳಿ, ಹಿಡಿ ಬಿಗಿ ಮಾಡಿ, ಮೊದಲ ಗಿಡದ ಬುಡಕ್ಕೆ ಗುದ್ದಲಿ ಎತ್ತಿದ. ಅದು ನಿನ್ನೆ ಬೆಳಿಗ್ಗೆ ಅವಳೇ ಬುಡಕ್ಕೆ ಎಲೆ ಹೊದಿಸಿದ್ದ ಗಿಡ. ಪ್ರತಿ ವರ್ಷ ಕಾಯಿ ಹಣ್ಣಾಗಲು ಕಾದವಳು ಅವಳು. ನೀರಿನಲ್ಲಿ ಹಿಸುಕಿ, ತೇಲಿದ ಜೊಳ್ಳು ಚೆಲ್ಲಿ, ಮುಳುಗಿದ ಬೀಜವನ್ನು ನೆರಳಲ್ಲಿ ಒಣಗಿಸಿದವಳು ಅವಳು. ಟೈಲರ್ ಒಂದು ಸಲ ಗಂಟು ಕೊಟ್ಟು ಮರೆತ. ಮಿಕ್ಕದ್ದೆಲ್ಲ ಯಾರು ಮಾಡಿದ್ದು?

"ಬೇಡ!" ಎಂದಳು.

ದನಿ ತೋಟಕ್ಕೆಲ್ಲ ಕೇಳಿಸುವಷ್ಟು ಜೋರಾಗಿ ಬಂತು. ತಮ್ಮ ಗುದ್ದಲಿ ಎತ್ತಿದವನು ಹಾಗೇ ನಿಂತ. ಅಕ್ಕ ಕೂಗಿದ್ದನ್ನು ಅವನು ಹುಟ್ಟಿದ ಮೇಲೆ ಕೇಳಿರಲಿಲ್ಲ.

"ಕೀಳಬೇಡ. ಅದು ನನಗೆ ಬೇಕು."

"ಈ ಮುಳ್ಳುಬದನೆ? ಯಾಕಕ್ಕ?"

"ನನಗೆ ಬೇಕು. ನನ್ನದು ಅದು."

ಏನು ಕೇಳುತ್ತಾನೋ, ಏನೇನು ಹೇಳಬೇಕಾಗುತ್ತದೋ ಎಂದು ಅವಳು ಕಾದು ನಿಂತಳು. ತಮ್ಮ ಗುದ್ದಲಿ ಇಳಿಸಿದ. ಏನೂ ಕೇಳಲಿಲ್ಲ. ಅವನಿಗೆ ಕೇಳುವಂಥದ್ದು ಏನೂ ಕಾಣಲಿಲ್ಲ.

"ಸರಿ ಬಿಡು. ಬೇಕು ಅಂದ್ರೆ ಇರಲಿ" ಎಂದ. "ಬಾಯಿಬಿಟ್ಟು ಹೇಳೋಕೇನಾಗಿತ್ತು ಅಕ್ಕ ನಿನಗೆ? ಹೇಳಿದ್ರೆ ಬೇಡ ಅಂತಿದ್ನಾ ನಾನು? ಮೆಣಸಿನಕಾಯಿ ಆ ಮೂಲೆಗೆ ಹಾಕಿದ್ರೂ ಆಗುತ್ತೆ."

ಗುದ್ದಲಿ ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟ. ಅಕ್ಕ ಅವನು ಹೋಗುವುದನ್ನು ನೋಡುತ್ತಾ ನಿಂತಳು. ಇಷ್ಟೇನಾ! ಬೇಕು ಎಂದರೆ ಸರಿ ಎನ್ನುತ್ತಾರೆ, ಗುದ್ದಲಿ ಇಳಿಸುತ್ತಾರೆ, ಕೆಲಸ ಮುಗಿಯಿತು. ಎಷ್ಟು ಸುಲಭವಾಗಿತ್ತು. ಗಿರಣಿಯ ಜಗಲಿಯಲ್ಲೂ ಇಷ್ಟೇ ಸುಲಭವಿದ್ದಿರಬಹುದು, ಹಗ್ಗ ಹೊಸೆಯುತ್ತಿದ್ದ ಅಪ್ಪನ ಪಕ್ಕದಲ್ಲೂ. ಅವಳಿಗೆ ಮೊದಲು ನಗು ಬಂತು. ಆಮೇಲೆ ಸಾಲಿನ ನಡುವೆ ಮಣ್ಣಿನ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ತನಗಾಗಿ, ಹರೆಯದಲ್ಲಿ ತಾನಾಗಿದ್ದ ಆ ಹುಡುಗಿಗಾಗಿ ಬಿಕ್ಕಿ ಬಿಕ್ಕಿ ಅತ್ತಳು. ತಮ್ಮ ಆಗಲೇ ಆ ಮೂಲೆಯ ಮಡಿ ಅಗೆಯುತ್ತಿದ್ದ. ಗುದ್ದಲಿಯ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ.